ಆರನೇ ಮಹಡಿಯ ಷರಾ

ಫೆಬ್ರುವರಿ 9

ಮಗಳಿಗೆ,

ಫೋನ್ ಮಾಡಿದರೆ ನಾನು ಕೂಗುತ್ತೇನೆ, ನೀನು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಬರಹ ಇದು. ಓದಲು ಕಷ್ಟವಾದರೆ ನಿಧಾನವಾಗಿ ಓದು.

ನೀನು ನಮ್ಮ ಆಸ್ಪತ್ರೆಗೆ ಬರೆದುಕೊಟ್ಟ ಪ್ರೋಗ್ರಾಂ ಕೆಟ್ಟಿದೆ. ಇಲ್ಲವೇ ಯಾರೋ ಕೆಡಿಸಿದ್ದಾರೆ. ಅಷ್ಟು ದೂರ ಕೂತವಳಿಗೆ ನನ್ನ ನೆಲಮಾಳಿಗೆ ನೆನಪಿದೆಯೋ ಇಲ್ಲವೋ, ಹೇಳಿಬಿಡುತ್ತೇನೆ. ಮೇಲಿನ ವಾರ್ಡುಗಳ ಕೊಳೆ ಬಟ್ಟೆ ಚೀಲಗಳಲ್ಲಿ ತುಂಬಿ ಲಿಫ್ಟಿನಲ್ಲಿ ಲಾಂಡ್ರಿಗೆ ಇಳಿಯುತ್ತದೆ. ಚೀಲ ಇಳಿಯುವ ಮೊದಲೇ ನಮ್ಮ ಮೂಲೆಯ ಪ್ರಿಂಟರಿನಿಂದ ಅದರ ಚೀಟಿ ಬರುತ್ತದೆ. ಯಾವ ವಾರ್ಡು, ಬೆಡ್‌ಶೀಟ್ ಎಷ್ಟು, ದಿಂಬಿನ ಕವರ್ ಎಷ್ಟು, ಕೊನೆಗೆ ಷರಾ. ರಕ್ತದ ಬಟ್ಟೆ, ಬೇರೆ ಬೇಯಿಸಿ. ಹರಿದಿದೆ, ಹೊಲಿಸಿ. ಹೀಗೆ ಮೇಲಿನವರಿಗೆ ಹೇಳುವುದು ಏನಾದರೂ ಇದ್ದರೆ ಷರಾದಲ್ಲಿ ಬರೆಯುತ್ತಾರೆ. ಇಲ್ಲದಿದ್ದರೆ ಖಾಲಿ.

ನಿನ್ನಮ್ಮ ಆರನೇ ಮಹಡಿಯಲ್ಲಿ ಆಯಾ ಆಗಿದ್ದಷ್ಟು ಕಾಲ ಅವಳ ಷರಾ ಒಮ್ಮೆಯೂ ಖಾಲಿ ಬಂದದ್ದಿಲ್ಲ. ನರ್ಸುಗಳು ಮರೆತುಬಿಟ್ಟ ಇಂಜೆಕ್ಷನ್ ಸೂಜಿ ಬಟ್ಟೆಯೊಳಗೆ ಸೇರಿಕೊಂಡಿರುತ್ತದಲ್ಲ, ಅದಕ್ಕೆ ಒಂದೊಂದೇ ಬಟ್ಟೆ ಕೊಡವಿ ನೋಡಿ, ಆಮೇಲೆ ಒಂದೇ ಬೆರಳಿನಲ್ಲಿ ಕುಟ್ಟುತ್ತಿದ್ದಳು: ‘ಸೂಜಿ ಇಲ್ಲ. ನೋಡಿದ್ದೇನೆ.’ ಅಕ್ಕತಂಗಿ ನಾವು ಮಾತು ಬಿಟ್ಟು ವರ್ಷಗಳಾದ ಮೇಲೂ ಅದೊಂದು ಸಾಲು ತಪ್ಪಲಿಲ್ಲ. ಅವಳು ಮೇಲೆ ನೋಡಿದ್ದೇನೆ ಅಂದರೆ ಕೆಳಗೆ ನಾವು ಬರಿಗೈ ಹಾಕುತ್ತಿದ್ದೆವು.

ಅವಳು ಹೋಗಿ ಎರಡು ತಿಂಗಳಾಯಿತು. ಷರಾ ಈಗಲೂ ಬರುತ್ತಿದೆ.

ಮೊದಲ ಸಲ ಕಂಡಾಗ ನೇರ ಆರನೇ ಮಹಡಿಗೆ ಹೋಗಿ, ಅವಳ ಜಾಗಕ್ಕೆ ಬಂದ ಹೊಸಬಳನ್ನು ಎಲ್ಲರೆದುರು ಬೈದೆ. ಸತ್ತವಳ ಮಾತು ಹಾಕಿ ಆಟ ಆಡುತ್ತೀಯಾ ಅಂದೆ. ಅವಳು ಅತ್ತುಬಿಟ್ಟಳು. ತಾನು ಷರಾ ಬರೆಯುವುದೇ ಇಲ್ಲ, ಬರೆಯಲು ಪುರುಸೊತ್ತೂ ಇಲ್ಲ ಅಂದಳು. ನನ್ನ ಕಣ್ಣೆದುರೇ ಷರಾ ಖಾಲಿ ಬಿಟ್ಟು ಒಂದು ಚೀಟಿ ಕಳಿಸಿ ತೋರಿಸಿದಳು. ಕೆಳಗಿಳಿದು ಬಂದರೆ ಆ ಚೀಟಿ ಪ್ರಿಂಟರಿನ ಬಾಯಲ್ಲಿ ನೇತಾಡುತ್ತಿತ್ತು. ‘ಸೂಜಿ ಇಲ್ಲ. ನೋಡಿದ್ದೇನೆ.’

ಇದು ಯಾರ ಕೈವಾಡ ಹುಡುಕು. ಸಿಕ್ಕವರನ್ನು ನನಗೆ ಬಿಡು.

ದೊಡ್ಡಮ್ಮ

*

ಫೆಬ್ರುವರಿ 17

ದೊಡ್ಡಮ್ಮನಿಗೆ,

ಯಾರ ಕೈವಾಡವೂ ಅಲ್ಲ, ನನ್ನದೇ. ವಿವರಿಸುತ್ತೇನೆ, ರೇಗದೆ ಓದಿ.

ಆ ಪ್ರೋಗ್ರಾಂ ಸಿ ಭಾಷೆಯಲ್ಲಿ ಬರೆದದ್ದು. ಆಸ್ಪತ್ರೆಯ ಸರ್ವರಿನಲ್ಲಿ ನಿಲ್ಲದೆ ಓಡುತ್ತಿರುತ್ತದೆ. ವಾರ್ಡಿನಿಂದ ಒಂದು ಚೀಟಿ ಬಂತೆಂದರೆ ಅದರ ಕೆಲಸಕ್ಕೆಂದು ಒಂದಿಷ್ಟು ಮೆಮೊರಿಯನ್ನು ಒಟ್ಟಿಗೆ ತೆಗೆದಿಟ್ಟುಕೊಳ್ಳುತ್ತದೆ. ಅದಕ್ಕೆ ಪೂಲ್ ಅನ್ನುತ್ತೇವೆ. ಚೀಟಿಗೆ ಬೇಕಾದ ಜಾಗವನ್ನೆಲ್ಲ ಆ ಪೂಲಿನಿಂದಲೇ ತುಂಡು ತುಂಡಾಗಿ ಕೊಡುತ್ತದೆ. ಕೆಲಸ ಮುಗಿದೊಡನೆ ಇಡೀ ಪೂಲನ್ನು ಒಂದೇ ಸಲಕ್ಕೆ ಹಿಂದಿರುಗಿಸುತ್ತದೆ. ರೋಗಿ ಎದ್ದು ಮನೆಗೆ ಹೋದ ಮೇಲೆ ಹಾಸಿಗೆ ಖಾಲಿಯಾದ ಹಾಗೆ. ಆದರೆ ಅದರ ಮೇಲಿನ ಬಟ್ಟೆಯನ್ನು ಯಾರೂ ಬದಲಿಸಿರುವುದಿಲ್ಲ.

ಪೂಲಿನಿಂದ ಜಾಗ ಕೇಳಲು ಮೂರು ಫಂಕ್ಷನ್‌ಗಳಿವೆ. ಮೊದಲನೆಯದು ಜಾಗವನ್ನು ಅಳತೆಗೆ ಸರಿಯಾಗಿ ಸಾಲು ಹಿಡಿಸಿ, ಒಳಗೆ ಏನಿತ್ತೋ ಅದರ ಸಮೇತ ಕೊಡುತ್ತದೆ. ಎರಡನೆಯದು ಸಾಲು ಹಿಡಿಸುವ ಗೋಜಿಗೂ ಹೋಗುವುದಿಲ್ಲ, ಬರೀ ಅಕ್ಷರಗಳಿಗೆ ಅಷ್ಟು ಸಾಕು. ಮೂರನೆಯದು ಕೊಡುವ ಮೊದಲು ಇಡೀ ಜಾಗಕ್ಕೆ ಸೊನ್ನೆ ಬಳಿದು ಒರೆಸುತ್ತದೆ. ಒರೆಸಲು ಹೊತ್ತು ಹಿಡಿಯುತ್ತದೆ. ಹೇಗೂ ಚೀಟಿಯ ಎಲ್ಲ ಅಂಕಣಗಳನ್ನೂ ತುಂಬುತ್ತೇನಲ್ಲ, ಒರೆಸುವುದು ದಂಡ ಅಂದುಕೊಂಡು ಮೊದಲನೆಯದನ್ನು ಆರಿಸಿದೆ. ಷರಾ ಖಾಲಿ ಬಿಟ್ಟಾಗ ಅಲ್ಲಿ ನಾನು ಏನನ್ನೂ ತುಂಬುವುದಿಲ್ಲ ಎಂಬುದು ಹೊಳೆಯಲಿಲ್ಲ. ತುಂಬದ ಕಡೆ ಹಿಂದೆ ಇದ್ದವರ ಮಾತು ಹಾಗೇ ಉಳಿದಿರುತ್ತದೆ, ಪ್ರಿಂಟರು ಅದನ್ನೇ ಅಚ್ಚು ಹಾಕುತ್ತದೆ.

ಇಷ್ಟು ದಿನ ಈ ತಪ್ಪು ಕಾಣಲಿಲ್ಲ ಏಕೆಂದರೆ ಒಂದೊಂದು ಮಹಡಿಯ ಕೆಲಸವನ್ನೂ ಬೇರೆ ಬೇರೆಯಾಗಿ ಇಟ್ಟಿದ್ದೇನೆ. ಮಿಕ್ಕ ಮಹಡಿಗಳಲ್ಲಿ ಷರಾ ಬರೆಯುವವರೇ ಅಪರೂಪ, ಉಳಿಯಲು ಏನೂ ಇರಲಿಲ್ಲ. ಆರನೆಯದರಲ್ಲಿ ಅಮ್ಮ ಖಾಲಿ ಬಿಟ್ಟದ್ದೇ ಇಲ್ಲ.

ಸರಿಮಾಡುತ್ತೇನೆ. ಸ್ವಲ್ಪ ಸಮಯ ಕೊಡಿ. ಅಲ್ಲಿಯವರೆಗೆ ಷರಾದಲ್ಲಿ ಏನು ಬಂದರೂ ಒಂದೂ ಬಿಡದೆ ನನಗೆ ಬರೆದು ಕಳಿಸುತ್ತೀರಾ?

ನಿಮ್ಮ ಮಗಳು

*

ಫೆಬ್ರುವರಿ 26

ಮಗಳಿಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಸಾಲು ಹಿಡಿಸುವುದು ಗೀಲು ಹಿಡಿಸುವುದು ನನಗೆ ಬೇಡ. ಒಬ್ಬರು ಮಲಗಿ ಎದ್ದದ್ದನ್ನು ಒಗೆಯದೆ ಇನ್ನೊಬ್ಬರಿಗೆ ಹಾಸಿದ್ದೀಯ, ಅಷ್ಟೇ ತಾನೆ? ಹೊತ್ತು ಉಳಿಸಲು? ನಾನು ಆವತ್ತೇ ಹೇಳಿದ್ದೆ, ಹುಡುಗಿಯನ್ನು ಕಾಲೇಜಿಗೆ ಕಳಿಸಬೇಡ, ನನ್ನ ಜೊತೆ ಲಾಂಡ್ರಿಗೆ ಹಾಕು ಅಂತ. ನಿನ್ನಮ್ಮ ಕೇಳಿದಳೇ? ಅದಕ್ಕೇ ಅವಳು ನನ್ನ ಜೊತೆ ಮಾತು ಬಿಟ್ಟಳು. ಲಾಂಡ್ರಿಗೆ ಬಂದಿದ್ದರೆ ಮೊದಲ ದಿನವೇ ಕಲಿತಿರುತ್ತಿದ್ದೆ, ಒಗೆಯದ್ದನ್ನು ಹಾಸಬಾರದು ಅಂತ.

ಇರಲಿ. ಕೇಳಿದೆಯಲ್ಲ, ಬರೆಯುತ್ತೇನೆ. ಹೆಚ್ಚಿನವು ‘ಸೂಜಿ ಇಲ್ಲ. ನೋಡಿದ್ದೇನೆ.’ ಒಂದೆರಡು ‘ಈ ಕಂಬಳಿ ಕುದಿಸಬೇಡಿ, ಕುಗ್ಗುತ್ತದೆ.’ ಒಂದು ‘ಮಗುವಿನ ಬಟ್ಟೆ ಇದೆ, ಸೋಪು ಕಡಿಮೆ.’ ಇವೆಲ್ಲ ಹಳೆಯವು, ನನಗೆ ನೆನಪಿವೆ. ಬಟ್ಟೆ ಬೇರ್ಪಡಿಸುವ ಗಿಣಿಗೂ ನೆನಪಿವೆ. ಅವಳ ಬಾಯಿ ಮುಚ್ಚುವುದೇ ಇಲ್ಲ, ಅದಕ್ಕೇ ಆ ಹೆಸರು. ಚೀಟಿ ಬಂದರೆ ಈಗ ಅವಳೂ ಸುಮ್ಮನಾಗುತ್ತಾಳೆ.

ಮೊನ್ನೆ ಬಂದದ್ದು ಮಾತ್ರ ನನಗೆ ಗೊತ್ತಿಲ್ಲದ್ದು. ‘ಅಕ್ಕಾ, ಮೊಣಕಾಲು ಹೇಗಿದೆ?’

ಅವಳು ನನ್ನನ್ನು ಅಕ್ಕಾ ಅಂದು ಎಷ್ಟು ಕಾಲವಾಯಿತು ನಿನಗೆ ಗೊತ್ತಲ್ಲ. ಇಂಥ ಚೀಟಿ ನನಗೆ ಯಾವತ್ತೂ ಬಂದಿಲ್ಲ. ಬಂದಿದ್ದರೆ ನೆನಪಿರುತ್ತಿತ್ತು. ಬಾರದ್ದು ಉಳಿಯುವುದು ಹೇಗೆ? ಇದಕ್ಕೂ ಒಂದು ಫಂಕ್ಷನ್ ಇದ್ದರೆ ಹೇಳು.

ಮೊಣಕಾಲು ಹಾಗೇ ಇದೆ.

ದೊಡ್ಡಮ್ಮ

*

ಮಾರ್ಚ್ 21

ಮಗಳಿಗೆ,

ನಿನ್ನ ಉತ್ತರ ಬಂತು. ವಾರ್ಡಿನ ಕಂಪ್ಯೂಟರಿನಲ್ಲಿ ಬರೆಯುತ್ತಿರುವಾಗಲೇ ಒಂದೊಂದು ಅಕ್ಷರವೂ ಕರಡಾಗಿ ಸರ್ವರಿಗೆ ಹೋಗುತ್ತಿರುತ್ತದೆ, ಬರೆದು ಅಳಿಸಿ ಕಳಿಸದೆ ಬಿಟ್ಟದ್ದೂ ಅಲ್ಲಿ ಉಳಿದಿರಬಹುದು ಅಂದಿದ್ದೀಯ. ಹಾಗಾದರೆ ಅವಳು ಅಕ್ಕಾ ಅಂತ ಬರೆದಿದ್ದಳು, ಅಳಿಸಿದಳು, ಸೂಜಿ ಇಲ್ಲ ಅಂತ ಮಾತ್ರ ಕಳಿಸಿದಳು. ಒಪ್ಪಿದೆ. ಅವಳ ಹಟ ಅವಳಿಗೆ, ನನ್ನದು ನನಗೆ.

ಆದರೆ ಅದೇ ಕಾಗದದಲ್ಲಿ ನೀನೇ ಹೇಳಿದ್ದೀಯ, ಯಂತ್ರ ಆರಿಸಿ ಹಚ್ಚಿದರೆ ಒಳಗಿನದೆಲ್ಲ ಹೋಗುತ್ತದೆ ಅಂತ. ಹೋದ ವಾರ ಕರೆಂಟಿನವರು ಬಂದು ಐಸಿಯು ಒಂದು ಬಿಟ್ಟು ಇಡೀ ಕಟ್ಟಡವನ್ನು ಆರಿಸಿದ್ದರು. ನಿನ್ನ ಸರ್ವರೂ ಆರಿತ್ತು. ಸರ್ವರ್ ಕೋಣೆಯ ಎಂಜಿನಿಯರನನ್ನು ಹಿಡಿದು ನಿಲ್ಲಿಸಿ ಕೇಳಿದ್ದೇನೆ. ಬಾಯ್ಲರ್ ತಣ್ಣಗಾಗಿ, ಒಗೆಯುವ ಯಂತ್ರಗಳೆಲ್ಲ ನಿಂತು, ನಾನು ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ನೆಲಮಾಳಿಗೆಯಲ್ಲಿ ನನ್ನ ಉಸಿರು ನನಗೇ ಕೇಳಿಸಿತು. ಇನ್ನು ಮುಗಿಯಿತು ಅಂದುಕೊಂಡೆ. ಮುಗಿಯಲಿ ಅಂತಲೋ, ಮುಗಿಯಬಾರದು ಅಂತಲೋ, ನನ್ನನ್ನು ಕೇಳಬೇಡ.

ಕರೆಂಟು ಬಂತು. ಮೊದಲ ಚೀಲಕ್ಕೆ ಷರಾ ಖಾಲಿ. ಎರಡನೆಯದಕ್ಕೂ ಖಾಲಿ. ಮೂರನೆಯದಕ್ಕೆ ‘ಹೊಸಬಳನ್ನು ಬೈಯಬೇಡ. ಚಿಕ್ಕವಳು.’

ಮುಂಚೆಯೂ ಎಷ್ಟೋ ಹೊಸಬರು ಬಂದು ಹೋಗಿದ್ದಾರೆ, ಎಲ್ಲರನ್ನೂ ನಾನು ಬೈದಿದ್ದೇನೆ. ಯಾವ ಕಾಲದ ಮಾತೋ ಇರಬಹುದು. ಸತ್ತವರು ಚೀಟಿ ಬರೆಯುವುದಿಲ್ಲ, ಅದು ನನಗೂ ಗೊತ್ತು. ಆದರೆ ಆರಿಸಿದ ಮೇಲೆ ಹೋಗಬೇಕಿದ್ದದ್ದು ಎಲ್ಲಿಂದ ಬಂತು? ಇನ್ನೊಂದು. ಉಳಿಕೆ ಅಂದರೆ ಅರ್ಧಂಬರ್ಧ ಇರಬೇಕಲ್ಲವೇ? ಒಗೆದಾಗ ಬಿಡದ ಕಲೆ ಯಾವತ್ತಾದರೂ ನೆಟ್ಟಗೆ ಇಡಿಯಾಗಿ ಉಳಿದದ್ದನ್ನು ನಾನು ಕಂಡಿಲ್ಲ. ಇವು ಇಡೀ ಸಾಲುಗಳು. ಚುಕ್ಕೆ ಸಮೇತ.

ಸಮಯ ಬೇಕು ಅಂದಿದ್ದೆಯಲ್ಲ, ಇನ್ನೂ ಎಷ್ಟು ಬೇಕು?

ದೊಡ್ಡಮ್ಮ

*

ಏಪ್ರಿಲ್ 14

ಮಗಳಿಗೆ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಸಹಿಸಿಕೋ. ನಿನ್ನ ಕಡೆಯಿಂದ ಕಾಗದವಿಲ್ಲ. ಇದಕ್ಕೆ ಉತ್ತರ ಬೇಕು.

ಹೋದ ವಾರ ಆರನೇ ಮಹಡಿಯ ಚೀಲ ಬಂತು. ಅಲ್ಲಿ ಸೋಂಕಿನ ರೋಗಿಗಳೂ ಇದ್ದಾರೆ, ನಿನಗೆ ಗೊತ್ತು. ಚೀಟಿಯಲ್ಲಿ ‘ಸೂಜಿ ಇಲ್ಲ. ನೋಡಿದ್ದೇನೆ.’ ಗಿಣಿ ಚೀಟಿ ನೋಡಿ ಗ್ಲೌಸ್ ತೆಗೆದು ಮೇಜಿನ ಮೇಲಿಟ್ಟಳು. ಅವಳಿಗೆ ಈಗ ಐದು ತಿಂಗಳು. ಹಾಕ್ಕೊಳ್ಳೇ ಅಂದೆ.

“ಆರನೇ ಮಹಡೀದಲ್ವಾ ದೊಡ್ಡಮ್ಮಾ, ನೋಡಿರ್ತಾರೆ ಬಿಡಿ” ಅಂದಳು.

“ಯಾರೇ ನೋಡಿರೋದು?”

ಅವಳು ನನ್ನನ್ನೇ ನೋಡುತ್ತಾ ಕೈಯನ್ನು ಚೀಲದೊಳಕ್ಕೆ ಬಿಟ್ಟಳು. ನಾನು ಚೀಲವನ್ನು ಕಸಿದುಕೊಂಡೆ. ಕಸಿದ ರಭಸಕ್ಕೆ ಬಟ್ಟೆಯೊಳಗಿದ್ದ ಸೂಜಿ ನನ್ನ ಅಂಗೈಗೆ ಇಳಿಯಿತು. ಬುಡದವರೆಗೂ ಇಳಿಯಿತು. ಗಿಣಿ ಕೂಗಿದಳು, ನಾನಲ್ಲ.

ರಕ್ತ ತೆಗೆದುಕೊಂಡಿದ್ದಾರೆ. ಮಾತ್ರೆ ಕೊಟ್ಟಿದ್ದಾರೆ. ತಿಂಗಳು ಕಳೆದು ಮತ್ತೆ ನೋಡಬೇಕಂತೆ, ಆಮೇಲೂ ಒಮ್ಮೆ. ನನಗೆ ವಯಸ್ಸಾಗಿದೆ, ನನ್ನದೇನು. ಅದು ಗಿಣಿಯ ಕೈಗೆ ಹೋಗಿದ್ದರೆ?

ಮೇಲೆ ಹೋಗಿ ಕೇಳಿದೆ, ಈ ಸಲ ಬೈಯದೆ ಕೇಳಿದೆ. ಹೊಸಬಳು ಬಟ್ಟೆ ಕೊಡವುವುದಿಲ್ಲ. ಕೊಡವಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟೇ ಇಲ್ಲ. ಅವಳು ನೋಡಿಲ್ಲ, ನೋಡಿದ್ದೇನೆ ಅಂತ ಹೇಳಿಯೂ ಇಲ್ಲ. ಹೇಳಿದವಳು ನೋಡಲು ಇಲ್ಲಿಲ್ಲ. ಅಷ್ಟಾದರೂ ಇಡೀ ಲಾಂಡ್ರಿ ಅವಳ ಮಾತು ನಂಬಿ ಕೈ ಹಾಕುತ್ತಿದೆ. ಬದುಕಿದ್ದಾಗ ಒಮ್ಮೆಯೂ ಸುಳ್ಳು ಹೇಳಿದವಳಲ್ಲ ಅವಳು. ಈಗ ನಿನ್ನ ಪ್ರೋಗ್ರಾಂ ಅವಳ ಬಾಯಲ್ಲಿ ದಿನಾ ಸುಳ್ಳು ಹೇಳಿಸುತ್ತಿದೆ.

ನೀನು ತಡ ಮಾಡುತ್ತಿರುವುದು ಏಕೆ ಅಂತ ನನಗೆ ಮೊದಲ ಕಾಗದದಲ್ಲೇ ಗೊತ್ತಾಗಿತ್ತು. ಒಂದು ಫಂಕ್ಷನ್ ತೆಗೆದು ಇನ್ನೊಂದು ಹಾಕಲು ಯಾರಿಗೂ ಎರಡು ತಿಂಗಳು ಬೇಡ. ನಾನೂ ನಿನ್ನನ್ನು ಅವಸರ ಮಾಡಲಿಲ್ಲ. ಏಕೆ ಅಂತ ಬರೆಯುವುದಿಲ್ಲ.

ಒರೆಸು. ಕಾಗದ ಕೈಗೆ ಸಿಕ್ಕ ದಿನವೇ ಒರೆಸು.

ದೊಡ್ಡಮ್ಮ

*

ಏಪ್ರಿಲ್ 20

ದೊಡ್ಡಮ್ಮನಿಗೆ,

ಬದಲಾಯಿಸಿದೆ. ಇವತ್ತು ಮಧ್ಯಾಹ್ನದಿಂದ ಎಲ್ಲ ಮಹಡಿಗಳಿಗೂ ಮೂರನೆಯ ಫಂಕ್ಷನ್. ಚೀಟಿಗೆ ಜಾಗ ಸಿಗುವ ಮೊದಲೇ ಅಲ್ಲಿರುವುದೆಲ್ಲ ಸೊನ್ನೆಯಾಗುತ್ತದೆ. ಒಂದೇ ಸಾಲಿನ ಕೆಲಸ, ಬರೆದಿಟ್ಟು ಬಹಳ ದಿನವಾಗಿತ್ತು.

ನೀವು ಕಳಿಸಿದ ಷರಾಗಳನ್ನು ಗೋಡೆಗೆ ಅಂಟಿಸಿದ್ದೆ. ತೆಗೆದುಬಿಟ್ಟೆ.

ನಿಮ್ಮ ಕೈಯ ಬಗ್ಗೆ ಬರೆಯಿರಿ. ಗಿಣಿಯ ಬಗ್ಗೆಯೂ.

ನಿಮ್ಮ ಮಗಳು

*

ಮೇ 11

ಮಗಳಿಗೆ,

ಮೊದಲ ರಕ್ತ ಪರೀಕ್ಷೆಯಲ್ಲಿ ಏನೂ ಇಲ್ಲ. ಎರಡನೆಯದಕ್ಕೆ ಕಾಯಬೇಕು. ಬಲಗೈಯಲ್ಲಿ ಬರೆಯುತ್ತಿದ್ದೇನೆ, ನೋಡಿದರೆ ತಿಳಿಯುತ್ತದೆ. ಗಿಣಿ ಮತ್ತೆ ಮಾತಾಡಲು ಶುರುಮಾಡಿದ್ದಾಳೆ. ಕಿವಿಗೆ ಹತ್ತಿ ಇಟ್ಟುಕೊಂಡಿದ್ದೇನೆ.

ಷರಾ ಖಾಲಿ. ಆ ಮಧ್ಯಾಹ್ನದಿಂದ ಒಂದು ಅಕ್ಷರ ಬಂದಿಲ್ಲ. ಈಗ ಪ್ರತಿ ಚೀಲವನ್ನೂ ಇಕ್ಕಳದಲ್ಲಿ ಬಿಚ್ಚಿಸುತ್ತೇನೆ. ಯಾರು ನೋಡಿದ್ದೇನೆ ಅಂದರೂ ಇಕ್ಕಳ, ಅನ್ನದಿದ್ದರೂ ಇಕ್ಕಳ. ಹೊಸಬಳನ್ನು ಎರಡು ದಿನ ಕೆಳಗೆ ಕರೆಸಿ ಬಟ್ಟೆ ಕೊಡವುವುದು ಕಲಿಸಿದೆ. ಬುದ್ಧಿ ಇದೆ, ಕೈ ಮಾತ್ರ ನಿಧಾನ.

ಎಲ್ಲ ಆಗಬೇಕಾದ ಹಾಗೇ ಆಗಿದೆ. ಆದರೂ ಆರನೇ ಮಹಡಿಯ ಚೀಟಿ ಬಂದಾಗ ಎಲ್ಲರೂ ಒಂದು ಗಳಿಗೆ ಕೈಕೆಲಸ ನಿಲ್ಲಿಸುತ್ತಾರೆ. ಇಸ್ತ್ರಿಯವನೂ ನಿಲ್ಲಿಸುತ್ತಾನೆ. ಚೀಟಿಯ ಕೆಳಗಿನ ಬಿಳಿಯನ್ನು ನೋಡುತ್ತಾರೆ. ಬೈದರೆ ಮತ್ತೆ ಶುರುಮಾಡುತ್ತಾರೆ.

ನೀನು ಸರಿಯಾಗಿ ಊಟ ಮಾಡುತ್ತಿದ್ದೀಯೋ ಇಲ್ಲವೋ?

ದೊಡ್ಡಮ್ಮ

*

ಜೂನ್ 2

ದೊಡ್ಡಮ್ಮನಿಗೆ,

ಇದನ್ನು ನಿಮಗೆ ಬರೆಯಬೇಕೋ ಬೇಡವೋ ಎಂದು ತುಂಬ ಯೋಚಿಸಿದೆ. ಬರೆಯದಿದ್ದರೆ ಆಮೇಲೆ ಬೈಯುತ್ತೀರಿ.

ಹೊಸ ಫಂಕ್ಷನ್ ಹಾಕಿದ ಮೇಲೆ ಸರ್ವರ್ ನಿಧಾನವಾಗಿದೆಯೇ ಎಂದು ನೋಡಲು, ಎಲ್ಲಿಂದ ಏನು ಬರುತ್ತಿದೆ ಎಂಬುದನ್ನು ದಾಖಲಿಸುವ ವ್ಯವಸ್ಥೆ ಮಾಡಿದ್ದೆ. ಸರ್ವರ್ ಚೆನ್ನಾಗಿದೆ. ಆದರೆ ಆರನೇ ಮಹಡಿಯಿಂದ ಕರಡುಗಳು ಬರುತ್ತಿವೆ.

ಒಂದು ಅಕ್ಷರ ಬರುತ್ತದೆ. ತಡೆದು ಇನ್ನೊಂದು. ಹುಡುಕಿ ಹುಡುಕಿ ಒಂದೇ ಬೆರಳಿನಲ್ಲಿ ಕುಟ್ಟುವವರ ಹಾಗೆ. ಒಂದು ಸಾಲಿನಷ್ಟಾದ ಮೇಲೆ ಹಿಂದಿನಿಂದ ಒಂದೊಂದೇ ಅಕ್ಷರ ಅಳಿಯುತ್ತದೆ. ಕಳಿಸುವುದಿಲ್ಲ. ಕಳಿಸದ್ದರಿಂದ ಅದು ಚೀಟಿಯಾಗುವುದಿಲ್ಲ, ನಿಮ್ಮಲ್ಲಿಗೆ ಬರುವುದಿಲ್ಲ. ಮೊದಲಾದರೆ ಹೀಗೆ ಅಳಿಸಿದ್ದು ಮೆಮೊರಿಯಲ್ಲಿ ಉಳಿದು, ಹೊಸ ಆಯಾ ಕಳಿಸುವ ಮುಂದಿನ ಖಾಲಿ ಷರಾದಲ್ಲಿ ಹೋಗಿ ಕೂರುತ್ತಿತ್ತು. ಈಗ ಒರೆಸುತ್ತೇವೆ, ಅದಕ್ಕೇ ಕಾಣುತ್ತಿಲ್ಲ.

ನೀವು ಕೇಳಿದ್ದಿರಲ್ಲ, ಆರಿಸಿ ಹಚ್ಚಿದ ಮೇಲೂ ಎಲ್ಲಿಂದ ಬಂತು, ಇಡೀ ಸಾಲು ಹೇಗೆ ಉಳಿಯಿತು ಎಂದು. ನನ್ನಲ್ಲಿ ಉತ್ತರವಿರಲಿಲ್ಲ, ಅದಕ್ಕೇ ಆಗ ಕಾಗದ ಬರೆಯಲಿಲ್ಲ. ಈಗ ಅನಿಸುತ್ತಿದೆ, ಅದು ಹಳೆಯದರ ಉಳಿಕೆಯೇ ಆಗಿರಲಿಲ್ಲ. ಆಗಷ್ಟೇ ಹೊಸದಾಗಿ ಬರೆದದ್ದು.

ಕರಡುಗಳು ಬರುತ್ತಿರುವುದು ಆ ಮಹಡಿಯ ಬಟ್ಟೆ ಕೋಣೆಯ ಕಂಪ್ಯೂಟರಿನಿಂದ, ಅಮ್ಮ ಕೂತು ಚೀಟಿ ಬರೆಯುತ್ತಿದ್ದ ಅದೇ ಕಂಪ್ಯೂಟರಿನಿಂದ. ಅಲ್ಲಿ ಯಾರು ಕೂರುತ್ತಾರೆ, ಹೋಗಿ ನೋಡುತ್ತೀರಾ? ಇಲ್ಲಿಂದ ನಾನು ಸಾಲುಗಳ ಉದ್ದವನ್ನಷ್ಟೇ ನೋಡಿದ್ದೇನೆ. ಬೇಕೆಂದರೆ ಅಕ್ಷರಗಳನ್ನೂ ಓದಬಹುದು. ಇನ್ನೂ ಓದಿಲ್ಲ.

ಓದಲೇ?

ನಿಮ್ಮ ಮಗಳು

*

ಜೂನ್ 13

ಮಗಳಿಗೆ,

ಹೋಗಿ ನೋಡಿದೆ. ಹಾಡಹಗಲೇ ಹೋದೆ.

ಆ ಕೋಣೆಯಲ್ಲಿ ಯಾರೂ ಕೂರುವುದಿಲ್ಲ. ಹೊಸಬಳಿಗೆ ಬಂದ ದಿನವೇ ಕೈಯಲ್ಲಿ ಹಿಡಿಯುವ ಟ್ಯಾಬ್ ಕೊಟ್ಟಿದ್ದಾರೆ, ಚೀಟಿಯೆಲ್ಲ ಅದರಿಂದಲೇ. ಬಟ್ಟೆ ಕೋಣೆಯ ಕಂಪ್ಯೂಟರನ್ನು ತಾನು ಮುಟ್ಟಿಯೇ ಇಲ್ಲ ಅಂದಳು. ಬೀಗ ತೆಗೆದುಕೊಟ್ಟು ಹೊರಗೇ ನಿಂತಳು. ಯಾಕೆ ಅಂತ ಕೇಳಿದ್ದಕ್ಕೆ ಒಳಗೆ ಚಳಿ ಅಂದಳು. ನನಗೇನೂ ಚಳಿ ಆಗಲಿಲ್ಲ.

ಮೇಜು, ಕುರ್ಚಿ, ಕಪಾಟು, ಎಲ್ಲದರ ಮೇಲೂ ದೂಳು. ಕೀಬೋರ್ಡಿನ ಮೇಲೂ ದೂಳು, ಹಿಟ್ಟು ಜರಡಿ ಹಿಡಿದ ಹಾಗೆ ಸಮನಾಗಿ ಕೂತಿತ್ತು. ಒಂದು ಬೆರಳಿನ ಗುರುತಿಲ್ಲ. ಪರದೆ ಮಾತ್ರ ಹಚ್ಚಿಕೊಂಡಿತ್ತು. ಅದರಲ್ಲಿ ಚೀಟಿ ತೆರೆದಿತ್ತು, ವಾರ್ಡು ಆರು, ಬೆಡ್‌ಶೀಟಿನ ಲೆಕ್ಕ ಇಲ್ಲ, ಷರಾದಲ್ಲಿ ಒಂದು ‘ಅ’.

ನಾನು ನೋಡುತ್ತಿದ್ದ ಹಾಗೆ ಪಕ್ಕದಲ್ಲಿ ‘ಕ್ಕಾ’ ಬಂತು.

ಮಗಳೇ, ನಾನು ಹೆದರುವವಳಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ತಲೆ ಹಣ್ಣು ಮಾಡಿಕೊಂಡವಳು, ಪಕ್ಕದ ಬಾಗಿಲು ಶವಾಗಾರದ್ದು ಅಂತ ನಿನಗೂ ಗೊತ್ತು. ಆದರೆ ಅಲ್ಲೇ ಎಷ್ಟು ಹೊತ್ತು ನಿಂತೆನೋ. ಮುಂದೆ ಬೇರೆ ಅಕ್ಷರ ಬರಲಿಲ್ಲ. ಆಮೇಲೆ ‘ಕ್ಕಾ’ ಹೋಯಿತು. ‘ಅ’ ಹೋಗುವ ಮೊದಲು ನನಗೆ ಎಲ್ಲಿಲ್ಲದ ಸಿಟ್ಟು ಬಂತು.

“ಬರೆಯೋದಾದ್ರೆ ಪೂರ್ತಿ ಬರಿಯೇ. ನನಗೆ ಕೆಲಸ ಇದೆ” ಅಂದೆ.

ಹೊಸಬಳು ಹೊರಗಿನಿಂದ ಯಾರ ಹತ್ತಿರ ಮಾತಾಡುತ್ತಿದ್ದೀರಿ ಅಂತ ಕೇಳಿದಳು. ನಿನ್ನ ಹತ್ತಿರ ಅಲ್ಲ ಅಂದೆ. ‘ಅ’ ಹಾಗೇ ಇತ್ತು, ಪಕ್ಕದಲ್ಲಿ ಕರ್ಸರಿನ ಕಡ್ಡಿ ಮಿನುಗುತ್ತಿತ್ತು. ನಾನು ಬಾಗಿಲು ಎಳೆದುಕೊಂಡು ಬಂದೆ. ಬೀಗ ಹಾಕಬೇಡ ಅಂತ ಹೇಳಿದ್ದೇನೆ. ಆ ಕಂಪ್ಯೂಟರನ್ನು ಗುಜರಿಗೆ ಹಾಕಬೇಕೆಂದು ಸೂಪರ್‌ವೈಸರ್ ಬಂದಿದ್ದ. ಲಾಂಡ್ರಿಯ ಕೆಲಸಕ್ಕೆ ಬೇಕು ಅಂದೆ. ಯಾವ ಕೆಲಸ ಅಂದ. ನಿನಗೆ ಹೇಳುವಂಥದ್ದಲ್ಲ ಅಂದೆ. ಹೋದ.

ಎರಡನೆಯ ಪರೀಕ್ಷೆಯಲ್ಲೂ ಏನೂ ಇಲ್ಲ. ಗಿಣಿಯನ್ನು ಚೀಲದ ಮೇಜಿನಿಂದ ಎಬ್ಬಿಸಿ ಮಡಿಸುವ ಕಡೆ ಕೂರಿಸಿದ್ದೇನೆ.

ಈಗ ನೀನು ಕೇಳಿದ್ದಕ್ಕೆ ಉತ್ತರ. ಓದಬೇಡ. ನಿನ್ನ ತಾಯಿ ನಿಜ, ಓದಲು ನಿನಗೆ ಆಸೆ ಇರುತ್ತದೆ, ಅದೂ ನಿಜ. ಆದರೆ ಕಳಿಸದ್ದನ್ನು ಕದ್ದು ಓದಿದರೆ ಅದು ಮೊದಲಿನ ಹಾಗೇ ಆಯಿತು, ಅವಳು ಬೇಡ ಅಂತ ಅಳಿಸಿದ್ದನ್ನು ನಾವು ಎತ್ತಿಕೊಂಡ ಹಾಗೆ. ‘ಮೊಣಕಾಲು ಹೇಗಿದೆ’ ಅಂತ ಅವಳು ನನ್ನನ್ನು ಕೇಳಲಿಲ್ಲ. ಕೇಳಬೇಕು ಅಂದುಕೊಂಡು ಬಿಟ್ಟಳು. ಎರಡೂ ಒಂದೇ ಅಲ್ಲ. ಆ ಮೂರನೆಯ ಫಂಕ್ಷನ್ ಹಾಗೇ ಇರಲಿ, ಯಾರು ಬಂದು ಹೇಳಿದರೂ ತೆಗೆಯಬೇಡ. ಕರಡುಗಳನ್ನೂ ಇಟ್ಟುಕೊಳ್ಳಬೇಡ, ಬಂದಂತೆ ಒರೆಸಿಬಿಡು. ಅವಳ ಜಾಗ ಚೊಕ್ಕಟವಾಗಿರಲಿ. ಕಳಿಸುವ ದಾರಿಯನ್ನು ಮಾತ್ರ ಮುಚ್ಚಬೇಡ.

ಕಳಿಸುವ ಮನಸ್ಸು ಮಾಡಿದರೆ ಅವಳೇ ಕಳಿಸುತ್ತಾಳೆ. ಪ್ರಿಂಟರಿನ ಪಕ್ಕಕ್ಕೆ ನನ್ನ ಸ್ಟೂಲ್ ಎಳೆದುಕೊಂಡಿದ್ದೇನೆ.

ದೊಡ್ಡಮ್ಮ